ಕಡಿತ ನಡೆಯುವುದು ಗುಂಡಿಯ ಅಳತೆಯಲ್ಲಿ

ಬಡವರ ಯೋಜನೆಗಳಿಗೆ ಸರ್ಕಾರ ಇಷ್ಟೊಂದು ಖರ್ಚು ಮಾಡಬೇಕೇ ಎಂಬ ವಾದ ಬಜೆಟ್ ಬಂದಾಗಲೆಲ್ಲ ಏಳುತ್ತದೆ. ಟೀವಿಯಲ್ಲಿ ಅದು ಕೋಟಿಗಳ ಲೆಕ್ಕ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಮಳೆ ನಂಬಿದ ಊರುಗಳಲ್ಲಿ ಅದೇ ವಾದ ಉದ್ಯೋಗ ಖಾತ್ರಿ ಕೂಲಿಯವರು ಅಗೆದ ಗುಂಡಿ ಎಷ್ಟು ಇಂಚು ಆಳ ಬಂತು, ಹಾಜರಿಯ ಫೋಟೋ ಏರಿತೋ ಇಲ್ಲವೋ ಎಂಬ ಲೆಕ್ಕವಾಗಿ ಇಳಿಯುತ್ತದೆ. ಬರಗಾಲದ ಕೂಲಿಯನ್ನು ಬಿಗಿಹಿಡಿಯುವ ಯತ್ನಕ್ಕೆ ಈ ಭಾಗದಲ್ಲಿ ಸುಮಾರು 150 ವರ್ಷಗಳ ಇತಿಹಾಸವಿದೆ. ಅದನ್ನು ತಿಳಿಯದೆ ಇಂದಿನ ಉದ್ಯೋಗ ಖಾತ್ರಿ ಜಗಳ ಅರ್ಥವಾಗುವುದಿಲ್ಲ.

1876ರಲ್ಲಿ ಮಳೆ ಕೈಕೊಟ್ಟಾಗ ಇಂದಿನ ವಿಜಯಪುರ ಮತ್ತು ಬಾಗಲಕೋಟೆಯ ಬಹುಭಾಗ ಕಲಾದಗಿ ಜಿಲ್ಲೆ ಎನಿಸಿಕೊಂಡಿತ್ತು, ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜೋಳದ ಬೆಲೆ ಏರಿತು, ದನ ಸತ್ತವು, ಜನ ಸರ್ಕಾರ ತೆರೆದ ರಸ್ತೆ ಮತ್ತು ಕೆರೆ ಕೆಲಸಗಳಿಗೆ ಮುಗಿಬಿದ್ದರು. ಖರ್ಚು ಕೈಮೀರುತ್ತಿದೆ ಎಂದು ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಹಿರಿಯ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿದರು. ಇದೇ ಟೆಂಪಲ್ 1873–74ರ ಬಿಹಾರ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿದ್ದರು. ಅಲ್ಲಿ ಹಸಿವಿನ ಸಾವು ಬಹಳ ಕಡಿಮೆ. ಆದರೆ ಅದಕ್ಕೆ ಅವರಿಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ. ಮೂರು ವರ್ಷದ ಬಳಿಕ ದಖ್ಖನಿಗೆ ಬಂದಾಗ ಅವರ ಕೈ ಬಿಗಿಯಾಗಿತ್ತು: ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಒಂದಿಷ್ಟು ಚಿಲ್ಲರೆ.

ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ಜೋಳದಲ್ಲಿ ಸಿಗುವ ಶಕ್ತಿ ಹೆಚ್ಚೆಂದರೆ 1,600 ಕ್ಯಾಲೊರಿ. ಬಿಸಿಲಲ್ಲಿ ಮಣ್ಣು ಅಗೆದು ಹೊರುವ ಮೈಗೆ ಅದರ ಎರಡು ಪಟ್ಟು ಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ವಿಲಿಯಂ ಕಾರ್ನಿಷ್ ಇದನ್ನೇ ಲೆಕ್ಕಹಾಕಿ ತೋರಿಸಿ ಜಗಳ ತೆಗೆದರು. ಮದ್ರಾಸಿನಲ್ಲಿ ಕೆಲವೇ ತಿಂಗಳಲ್ಲಿ ದರ ಏರಿತು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿ ಇಳಿಸಿದ್ದಲ್ಲದೆ ಜನರನ್ನು ಊರಿಂದ ದೂರದ ದೊಡ್ಡ ಕಾಮಗಾರಿಗಳಿಗೆ ಅಟ್ಟಿದ್ದರಿಂದ ಸಾವಿರಾರು ಮಂದಿ ಕೆಲಸ ಬಿಟ್ಟೆದ್ದರು. ಪುಣೆಯ ಸಾರ್ವಜನಿಕ ಸಭಾ ಎಂಬ ಸಂಸ್ಥೆ ಅವರ ಬೆನ್ನಿಗೆ ನಿಂತು ಸರ್ಕಾರಕ್ಕೆ ಒಂದರ ಮೇಲೊಂದು ಮನವಿ ಬರೆಯಿತು. ಕೆಲಸಕ್ಕೆ ಬಂದವರ ಸಂಖ್ಯೆ ಇಳಿದದ್ದನ್ನು ಬರದ ತೀವ್ರತೆ ಇಳಿದ ಲಕ್ಷಣವೆಂದು ಓದಿದ ಅಧಿಕಾರಿಗಳೂ ಇದ್ದರು. ಈ ಓದು ಮುಂದೆಯೂ ಬರುತ್ತದೆ, ನೆನಪಿಡಿ.

ಬರ ಮುಗಿದ ಮೇಲೆ ಕ್ಷಾಮ ಆಯೋಗ ಕೂತಿತು, 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಹುಟ್ಟಿದ್ದು ಕ್ಷಾಮ ಸಂಹಿತೆ: ಯಾವ ಲಕ್ಷಣ ಕಂಡಾಗ ಕೆಲಸ ತೆರೆಯಬೇಕು, ಯಾರಿಗೆ ಎಷ್ಟು ಕೆಲಸ, ಎಷ್ಟು ಕೂಲಿ ಎಂಬ ಲಿಖಿತ ನಿಯಮ. ಸೊಲ್ಲಾಪುರದ ಬಳಿಯ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಹಾದು ಗದಗಿಗೆ ಹೋಗುವ ರೈಲು ಹಳಿಯೂ ಆ ಬರದ ಫಲವೇ. ಬರಪೀಡಿತ ಪ್ರದೇಶಕ್ಕೆ ಧಾನ್ಯ ಮುಟ್ಟಿಸಬೇಕೆಂದು ಸದರ್ನ್ ಮರಾಠಾ ರೈಲ್ವೆ ಹಾಕಿದ ಈ ಹಳಿ 1884ರಲ್ಲಿ ತೆರೆಯಿತು.

ಸಂಹಿತೆ ಕೊಟ್ಟದ್ದು ಆಡಳಿತಕ್ಕೆ ಕೈಪಿಡಿಯನ್ನು, ಜನರಿಗೆ ಹಕ್ಕನ್ನಲ್ಲ. ಕೆಲಸ ಕೇಳುವುದು ಹಕ್ಕು ಎಂಬ ಮಾತು ಕಾನೂನಾಗಲು ಮತ್ತೊಂದು ಬರ ಬೇಕಾಯಿತು. 1972–73ರ ಬರದ ಅನುಭವದ ಮೇಲೆ ನೆರೆಯ ಮಹಾರಾಷ್ಟ್ರ 1977ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಮಾಡಿತು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ 2005ರಲ್ಲಿ ಬಂತು. ಬೆಳಗಾವಿ ಜಿಲ್ಲೆ ಎರಡನೇ ಹಂತದಲ್ಲಿ, 2007ರಲ್ಲಿ ಸೇರಿತು. ವಿಜಯಪುರ, ಬಾಗಲಕೋಟೆ 2008ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಬರಕ್ಕೆ ಹೆಸರಾದ ಜಿಲ್ಲೆಗಳೇ ಕೊನೆಯ ಸಾಲಿನಲ್ಲಿ ನಿಂತದ್ದು ಇಂದಿಗೂ ಚುಚ್ಚುತ್ತದೆ.

ಈ ಕಾಯ್ದೆಯಡಿ ಮೊದಲ ಬಿಗಿತ ಬಂದದ್ದು ದರದಲ್ಲಿ. 2009ರ ಜನವರಿಯಲ್ಲಿ ಕೇಂದ್ರ ತಾನು ಕೊಡುವ ಕೂಲಿಗೆ 100 ರೂಪಾಯಿಯ ಮಿತಿ ಹಾಕಿತು. ಖಾತ್ರಿ ಕೂಲಿ ರಾಜ್ಯದ ಕನಿಷ್ಠ ವೇತನಕ್ಕಿಂತ ಕೆಳಗಿರಬಾರದು ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲಿ ಹೇಳಿತು. ಆದರೂ ಎರಡರ ನಡುವಿನ ಅಂತರ ಮುಚ್ಚಲಿಲ್ಲ. 2025–26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ.

ಆ 370 ಕೈಗೆ ಬರುವುದು ಅಳತೆಯ ಮೇಲೆ. ಒಂದು ಆಳಿನ ದಿನದ ಪಾಲು ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ ಎಂದಿಟ್ಟುಕೊಳ್ಳಿ. ಅದು 100 ಘನ ಅಡಿ, ಅಂದರೆ 2.83 ಘನ ಮೀಟರ್, ತೂಕದಲ್ಲಿ ಹೆಚ್ಚುಕಡಿಮೆ ನಾಲ್ಕು ಟನ್ ಮಣ್ಣು. ಮಾರ್ಚ್ ದಾಟಿದ ಮೇಲೆ ಎರಿ ಹೊಲ ಕಲ್ಲಿನಂತಾಗುತ್ತದೆ. ಗುದ್ದಲಿ ಹೊಡೆದರೆ ಹೆಂಟೆ ಏಳುತ್ತದೆ, ಆದರೆ ಆಳ ಇಳಿಯುವುದಿಲ್ಲ. ಮಡ್ಡಿ ನೆಲದಲ್ಲಿ ಅರ್ಧ ಅಡಿಗೇ ಗರಸು ಸಿಗುತ್ತದೆ. ಹನ್ನೆರಡು ಇಂಚಿನ ಬದಲು ಹತ್ತು ಇಂಚಿಗೆ ನಿಂತರೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ಬರೆಯುವುದು 83 ಘನ ಅಡಿ, ಕೂಲಿ 308 ರೂಪಾಯಿ. 62 ರೂಪಾಯಿ ಹೋಯಿತು, ಯಾವ ಆದೇಶವೂ ಇಲ್ಲದೆ. ಅಳತೆ ಗುಂಪಿನ ಲೆಕ್ಕದಲ್ಲಿ ಆಗಿ ಹಣ ಹಾಜರಿಯ ಮೇಲೆ ಹಂಚಿಕೆಯಾಗುವುದರಿಂದ, ಚೆನ್ನಾಗಿ ಅಗೆದವರ ಕೂಲಿಯೂ ಇಳಿಯುತ್ತದೆ. ಬೇಸಿಗೆಯಲ್ಲಿ ಕೆಲಸದ ಪ್ರಮಾಣಕ್ಕೆ ರಿಯಾಯಿತಿ ಕೊಡುವ ರೂಢಿ ರಾಜ್ಯದಲ್ಲಿದೆ. ಮಣ್ಣಿನ ಗಡಸುತನಕ್ಕೆ, ಮೇಲೆತ್ತಿದ ಆಳಕ್ಕೆ, ಹೊತ್ತ ದೂರಕ್ಕೆ ದರಪಟ್ಟಿಯಲ್ಲಿ ಬೇರೆ ಲೆಕ್ಕವೂ ಇದೆ. ಆದರೆ ಅಂದಾಜು ಪಟ್ಟಿ ಮಾಡುವಾಗಲೇ ಮೆತ್ತನೆ ಮಣ್ಣು ಎಂದು ನಮೂದಿಸಿದರೆ ಇದೆಲ್ಲ ಕಾಗದಕ್ಕೇ ಉಳಿಯುತ್ತದೆ. ನಡುವೆ ಮೂಲ ನೆಲದ ಮಟ್ಟ ತೋರಿಸುವ ಮಣ್ಣಿನ ದಿಬ್ಬ ಬಿಡದೆ ಎಲ್ಲ ಅಗೆದುಬಿಟ್ಟರೆ ಆಳ ಎಷ್ಟಿತ್ತೆಂದು ಸಾಧಿಸುವುದೂ ಕಷ್ಟ.

ಎರಡನೇ ಬಿಗಿತ ಮೊಬೈಲಿನಲ್ಲಿ ಬಂತು. 2023ರ ಜನವರಿ 1ರಿಂದ ಸಾರ್ವಜನಿಕ ಕಾಮಗಾರಿಗಳಲ್ಲಿ ದಿನಕ್ಕೆ ಎರಡು ಬಾರಿ, ಸ್ಥಳ ಮತ್ತು ಸಮಯ ದಾಖಲಾಗುವ ಹಾಗೆ, ಕೂಲಿಗುಂಪಿನ ಮೇಲ್ವಿಚಾರಕರಾದ ಕಾಯಕ ಬಂಧು ಎಲ್ಲರ ಫೋಟೋ ಆ್ಯಪಿಗೆ ಹಾಕಬೇಕಾಯಿತು. ಹಳ್ಳದ ತಗ್ಗಿನಲ್ಲಿ ಸಿಗ್ನಲ್ ಇಲ್ಲ, ಸರ್ವರ್ ನಿಂತಿದೆ ಎಂದರೆ ಮಣ್ಣು ಬಿದ್ದಿದ್ದರೂ ಹಾಜರಿ ಬೀಳುವುದಿಲ್ಲ. ಒಂದು ವರ್ಷದ ಬಳಿಕ ಆಧಾರ್ ಆಧಾರಿತ ಪಾವತಿ ಕಡ್ಡಾಯವಾಯಿತು. ಯಲ್ಲವ್ವ, ಕೆಂಚವ್ವ, ಸಂಗವ್ವ ಎಂಬ ನಮ್ಮ ಕಡೆಯ ಹೆಸರುಗಳಲ್ಲಿನ ‘ವ್ವ’ವನ್ನು ಇಂಗ್ಲಿಷಿನಲ್ಲಿ ಒಬ್ಬರು ಎರಡು ವಿ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಎರಡು ಡಬ್ಲ್ಯು ಹಾಕಿ. ಮತ್ತೊಬ್ಬರು ಅದನ್ನು ಯಲ್ಲಮ್ಮ ಎಂದೇ ತಿದ್ದಿರುತ್ತಾರೆ. ಜಾಬ್ ಕಾರ್ಡ್ ಒಂದು, ಆಧಾರ್ ಇನ್ನೊಂದು ಹೇಳಿದರೆ ಜೋಡಣೆ ಆಗುವುದಿಲ್ಲ, ಜೋಡಣೆ ಆಗದಿದ್ದರೆ ಪಗಾರ ಇಲ್ಲ. ತಡವಾದರೆ ಪರಿಹಾರ ಇದೆ: 16ನೇ ದಿನದಿಂದ ದಿನಕ್ಕೆ ಶೇಕಡಾ 0.05. ಆರು ದಿನದ 2,220 ರೂಪಾಯಿಗೆ ಅದು ದಿನಕ್ಕೆ 1 ರೂಪಾಯಿ 11 ಪೈಸೆ.

ಖರ್ಚು ಕಡಿಮೆ ಮಾಡಬೇಕೆನ್ನುವವರ ವಾದದಲ್ಲಿ ಸತ್ಯವಿಲ್ಲ ಎನ್ನಲಾಗದು. ಜೆಸಿಬಿ ಅಗೆದ ಗುಂಡಿಗೆ ಕೂಲಿಗಳ ಹೆಸರು ಬರೆದು ಬಿಲ್ ಎತ್ತಿದ ದೂರುಗಳು ಸುಳ್ಳಲ್ಲ. ಕಬ್ಬು ಕಟಾವಿಗೆ, ದ್ರಾಕ್ಷಿ ತೋಟಕ್ಕೆ ಆಳು ಸಿಗುವುದಿಲ್ಲ ಎಂಬ ರೈತರ ಸಂಕಟವೂ ನಿಜ. ಆದರೆ ಕಳ್ಳ ಹಾಜರಿ ಬರೆದವನನ್ನು ಹಿಡಿಯಲು ತಂದ ಆ್ಯಪಿಗೆ ಸಿಕ್ಕಿಬಿದ್ದು ಪಗಾರ ಕಳೆದುಕೊಳ್ಳುವವಳು ನಿಜವಾಗಿ ಅಗೆದವಳು. ಲಾಕ್‌ಡೌನ್ ವರ್ಷವಾದ 2020–21ರಲ್ಲಿ ಕೇಂದ್ರ ಈ ಯೋಜನೆಗೆ 1.11 ಲಕ್ಷ ಕೋಟಿ ರೂಪಾಯಿ ಖರ್ಚು ಮಾಡಿತ್ತು. 2023–24ರ ಬಜೆಟ್ಟಿನಲ್ಲಿ ಇಟ್ಟದ್ದು 60,000 ಕೋಟಿ. ಸಾಲದೆ ವರ್ಷದ ಕೊನೆಗೆ 86,000 ಕೋಟಿಗೆ ಏರಿಸಬೇಕಾಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಜಾಗಕ್ಕೆ ‘ವಿಬಿ–ಜಿ ರಾಮ್ ಜಿ’ ಕಾಯ್ದೆ ತಂದಿತು. ಹಳ್ಳಿಯ ಒಂದು ಮನೆಗೆ ವರ್ಷಕ್ಕೆ ಖಾತ್ರಿಯಾದ ಕೆಲಸದ ದಿನಗಳು 100ರಿಂದ 125ಕ್ಕೆ ಏರಿದವು. ಹಿಂದೆ ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು; ಈಗ ಕರ್ನಾಟಕದಂಥ ರಾಜ್ಯ ಒಟ್ಟು ವೆಚ್ಚದ ಶೇಕಡಾ 40 ಹೊರಬೇಕು. ಪ್ರತಿ ರಾಜ್ಯದ ಪಾಲನ್ನು ಕೇಂದ್ರ ಮೊದಲೇ ಗೊತ್ತುಮಾಡುತ್ತದೆ, ಅದು ಮೀರಿದರೆ ಖರ್ಚು ರಾಜ್ಯದ್ದೇ. ಬೇಡಿಕೆಗೆ ತಕ್ಕ ಹಣ ಎಂಬ ಮೂಲ ತತ್ವ ಇಲ್ಲಿ ತಿರುಗಿಬಿತ್ತು, ಹಣಕ್ಕೆ ತಕ್ಕ ಬೇಡಿಕೆ ಎಂಬಂತಾಯಿತು. ಬಿತ್ತನೆ ಮತ್ತು ಸುಗ್ಗಿಯ ಹೊತ್ತಿಗೆ ಒಟ್ಟು 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಸೇರಿದೆ. ಕಬ್ಬಿನ ಮುಧೋಳ, ಜಮಖಂಡಿಗೂ ಹಿಂಗಾರಿ ಜೋಳದ ಸಿಂದಗಿ, ಇಂಡಿಗೂ ಒಂದೇ ದಿನಾಂಕ ಹಾಕಿದರೆ, ಹೊಲದಲ್ಲೂ ಕೆಲಸವಿಲ್ಲದ, ಖಾತ್ರಿಯೂ ಇಲ್ಲದ ವಾರಗಳಲ್ಲಿ ಒಣ ಊರಿನವರು ಗೋವಾ, ಸಾಂಗ್ಲಿಗೆ ಗುಳೆ ಹೋಗುವುದೇ ಉಳಿಯುತ್ತದೆ.

ಎಷ್ಟು ಬೇಡಿಕೆ ಇದೆ ಎಂಬುದು ಲೆಕ್ಕಕ್ಕೆ ಸೇರುವ ಬಾಗಿಲು ಒಂದೇ, ಗ್ರಾಮ ಪಂಚಾಯಿತಿಯ ಅರ್ಜಿ. 2005ರ ಕಾಯ್ದೆಯಲ್ಲಿ ಅದು ನಮೂನೆ 6: ಕೊಟ್ಟರೆ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೊಡಬೇಕು, 15 ದಿನದಲ್ಲಿ ಕೆಲಸ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧದಷ್ಟು ನಿರುದ್ಯೋಗ ಭತ್ಯೆ. ಭತ್ಯೆ ರಾಜ್ಯದ ತಲೆಗೆ ಬರುವುದರಿಂದ ಎಷ್ಟೋ ಕಡೆ ಆ ಚೀಟಿಯನ್ನೇ ಕೊಡುತ್ತಿರಲಿಲ್ಲ. ಕೆಲಸ ತಯಾರಾದ ದಿನವೇ ಅರ್ಜಿ ಬಂತೆಂದು ಕಂಪ್ಯೂಟರಿನಲ್ಲಿ ಏರಿಸುತ್ತಿದ್ದರು. ಹಾಗಾದಾಗ ಎರಡು ತಿಂಗಳು ಪಂಚಾಯಿತಿ ಮೆಟ್ಟಿಲು ಹತ್ತಿಳಿದ ಹೆಂಗಸು ದಾಖಲೆಯಲ್ಲಿ ಕೆಲಸ ಕೇಳಿದವಳೇ ಅಲ್ಲ. ಮರುವರ್ಷ ಬೇಡಿಕೆ ಕುಸಿದಿದೆ ಎಂದು ಬಜೆಟ್ ಚರ್ಚೆಯಲ್ಲಿ ಓದುವ ಅಂಕಿಯಲ್ಲಿ ಅವಳ ಹೆಸರು ಇರುವುದಿಲ್ಲ.