ಎಸ್ಟೋನಿಯಾ ಮತ್ತು ವ್ಯಾಪಾರದ ಗುರುತ್ವ

ಒಂದು ದೇಶ ಯಾರೊಡನೆ ಎಷ್ಟು ವ್ಯಾಪಾರ ಮಾಡಬೇಕೆಂಬುದನ್ನು ಮಂತ್ರಿಗಳ ಸಹಿ ಮತ್ತು ಸುಂಕದ ಪಟ್ಟಿ ನಿರ್ಧರಿಸುತ್ತವೆ ಎಂಬ ನಂಬಿಕೆ ಬಲವಾಗಿದೆ. ಭೌತವಿಜ್ಞಾನ ಓದಿ ಅರ್ಥಶಾಸ್ತ್ರಕ್ಕೆ ಬಂದ ಡಚ್ ವಿದ್ವಾಂಸ ಯಾನ್ ಟಿನ್‌ಬರ್ಗೆನ್ 1962ರಲ್ಲಿ ಮುಂದಿಟ್ಟ ಸೂತ್ರ ಬೇರೆಯದನ್ನೇ ಹೇಳುತ್ತದೆ. ಎರಡು ಆರ್ಥಿಕತೆಗಳು ದೊಡ್ಡವಾದಷ್ಟೂ ಅವುಗಳ ನಡುವಿನ ಸರಕಿನ ಹರಿವು ಹಿಗ್ಗುತ್ತದೆ, ದೂರ ಹೆಚ್ಚಿದಷ್ಟೂ ಕುಗ್ಗುತ್ತದೆ. ನ್ಯೂಟನ್ನನ ಗುರುತ್ವದಲ್ಲಿ ದೂರ ಇಮ್ಮಡಿಸಿದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ; ವ್ಯಾಪಾರದಲ್ಲಿ ಸರಿಸುಮಾರು ಅರ್ಧಕ್ಕೆ.

ಸುಮಾರು 13 ಲಕ್ಷ ಜನರ ಎಸ್ಟೋನಿಯಾ ಈ ಸೂತ್ರಕ್ಕೆ ನಾನು ಬಲ್ಲ ಅತ್ಯಂತ ಸ್ಪಷ್ಟ ಸಾಕ್ಷಿ. ರಾಜಧಾನಿ ಟಾಲಿನ್‌ನಿಂದ ಕೊಲ್ಲಿಯಾಚೆಯ ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಇರುವುದು ಸುಮಾರು 80 ಕಿಲೋಮೀಟರ್. ಆದರೂ ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಕಾಲದಲ್ಲಿ ನಾರ್ವಾ ಪಟ್ಟಣದ ಕ್ರೆನ್‌ಹೋಮ್ ಗಿರಣಿಗೆ ಹತ್ತಿ ದೂರದ ಮಧ್ಯ ಏಷ್ಯಾದಿಂದ ಬರುತ್ತಿತ್ತು, ಏಕೆಂದರೆ ಮಾಸ್ಕೋದ ಯೋಜನೆ ಹಾಗೆಂದಿತ್ತು. ಇದು ಪಂಪು ಹಚ್ಚಿ ನೀರನ್ನು ಗುಡ್ಡಕ್ಕೇರಿಸಿದಂತೆ. ಬಾಗಿಸಿದ ಬಿದಿರನ್ನು ಹಗ್ಗದಿಂದ ಬಿಗಿದು ಹಿಡಿದಂತೆ. 1991ರಲ್ಲಿ ಎಸ್ಟೋನಿಯಾ ಸ್ವತಂತ್ರವಾಯಿತು, ಹಗ್ಗ ಹರಿಯಿತು. 1992ರ ಜೂನ್‌ನಲ್ಲಿ ಎಸ್ಟೋನಿಯಾ ರೂಬಲ್ ತೊರೆದು ತನ್ನದೇ ಕ್ರೂನ್ ನಾಣ್ಯವನ್ನು ತಂದು, 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್ ಎಂದು ಗಂಟುಹಾಕಿತು. ಆಮದು ಸುಂಕವನ್ನು ಬಹುಮಟ್ಟಿಗೆ ತೆಗೆದೇಹಾಕಿತು. ಕೆಲವೇ ವರ್ಷಗಳಲ್ಲಿ ಫಿನ್‌ಲೆಂಡ್ ಮತ್ತು ಸ್ವೀಡನ್ ಅದರ ಪ್ರಮುಖ ಮಾರುಕಟ್ಟೆಗಳಾದವು. ಫಿನ್‌ಲೆಂಡಿನ ಎಲ್ಕೋಟೆಕ್ ಕಂಪನಿ ಟಾಲಿನ್‌ನಲ್ಲಿ ಮೊಬೈಲ್ ಫೋನ್ ಜೋಡಿಸತೊಡಗಿತು. ಬಿಡಿಭಾಗಗಳು ಹೊರಗಿನಿಂದ ಬಂದು, ಸಿದ್ಧ ಫೋನುಗಳು ಹೊರಕ್ಕೇ ಹೋಗುತ್ತಿದ್ದವು.

ಸುಂಕವೇ ಎಲ್ಲವೂ ಎನ್ನುವವರು 2004ರ ಮೇ 1ನ್ನು ಗಮನಿಸಬೇಕು. ಅಂದು ಯುರೋಪಿಯನ್ ಒಕ್ಕೂಟವನ್ನು ಸೇರಿದ ಎಸ್ಟೋನಿಯಾ, ಒಕ್ಕೂಟದ ಸಮಾನ ಸುಂಕಕ್ಕೆ ಹೊಂದಿಕೊಳ್ಳಲು ಹೊರಗಿನ ದೇಶಗಳ ಸರಕಿನ ಮೇಲೆ ಸುಂಕವನ್ನು ಹೇರಬೇಕಾಯಿತು! ಹಾಗಾದರೆ ಗಳಿಸಿದ್ದೇನು? ಟಿನ್‌ಬರ್ಗೆನ್‌ನ ಸೂತ್ರದಲ್ಲಿ ದೂರವೆಂದರೆ ಕಿಲೋಮೀಟರ್ ಮಾತ್ರವಲ್ಲ ಎಂದು ಮುಂದಿನ ಸಂಶೋಧಕರು ಕಂಡುಕೊಂಡರು. ಗಡಿಯಲ್ಲಿ ಲಾರಿ ಕಾಯುವ ಗಂಟೆಗಳು, ಪ್ರತಿ ದೇಶಕ್ಕೂ ಬೇರೆ ಬೇರೆಯಾಗಿ ಪಡೆಯಬೇಕಾದ ಗುಣಮಟ್ಟದ ಪ್ರಮಾಣಪತ್ರ, ನಾಣ್ಯ ಬದಲಿಸುವ ಖರ್ಚು, ಇವೆಲ್ಲವೂ ದೂರವೇ. ಸದಸ್ಯತ್ವ ಕಡಿಮೆ ಮಾಡಿದ್ದು ಈ ದೂರವನ್ನು, ಮತ್ತು 2011ರಲ್ಲಿ ಬಂದ ಯೂರೋ ಅದನ್ನು ಇನ್ನಷ್ಟು ಕಿರಿದಾಗಿಸಿತು.

ಕಾನೂನುಗಳನ್ನು ಬದಲಿಸಲು ಕೆಲವು ವರ್ಷ ಸಾಕಾದರೆ, ಕಬ್ಬಿಣ ಮತ್ತು ತಂತಿಗಳಿಗೆ ದಶಕಗಳು ಬೇಕು. ಎಸ್ಟೋನಿಯಾದ ರೈಲು ಹಳಿಗಳ ನಡುವಿನ ಅಂತರ ಇಂದಿಗೂ ಸೋವಿಯತ್ ಅಳತೆಯ 1520 ಮಿಲಿಮೀಟರ್. ಪಶ್ಚಿಮ ಯುರೋಪಿನ 1435ರ ಅಳತೆಯ ರೈಲ್ ಬಾಲ್ಟಿಕಾ ಮಾರ್ಗದ ನಿರ್ಮಾಣ ಇನ್ನೂ ನಡೆದಿದೆ. ವಿದ್ಯುತ್ ಜಾಲದ ಕಂಪನವೂ, ಅಂದರೆ ವಿದ್ಯುತ್ ಪ್ರವಾಹ ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದೂ, ಮಾಸ್ಕೋದ ಲಯದಲ್ಲೇ ಉಳಿದಿತ್ತು. ಲಾಟ್ವಿಯಾ ಮತ್ತು ಲಿಥುವೇನಿಯಾ ಜೊತೆಗೂಡಿ ಎಸ್ಟೋನಿಯಾ ಆ ಜಾಲವನ್ನು ಕಳಚಿಕೊಂಡು, ಪೋಲೆಂಡಿನ ಮೂಲಕ ಯುರೋಪಿನ ಲಯಕ್ಕೆ ಸೇರಿದ್ದು 2025ರ ಫೆಬ್ರವರಿ 9ರಂದು.