ಮರೆಯದ ಗಾರ್ಡ್‌ಗೆ ಏನು ಬೇಕು?

"ಆಟಿಸಂ ಇರೋರಿಗೆ ಭಾರೀ ಜ್ಞಾಪಕಶಕ್ತಿ ಅಲ್ವಾ ಮೇಡಂ? ಸೆಕ್ಯುರಿಟಿ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ." ತುಮಕೂರಿನಲ್ಲಿ ಮನಃಶಾಸ್ತ್ರಜ್ಞೆಯಾಗಿರುವ ನನಗೆ ಏಜೆನ್ಸಿಯವರು ಹೀಗೆ ಹೇಳುವುದುಂಟು. ಅರ್ಧ ನಿಜ. ಮಿಕ್ಕರ್ಧವನ್ನು ಯಾರೂ ಕೇಳುವುದಿಲ್ಲ.

ಆಟಿಸಂ ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಇದ್ದು, ಜನರೊಡನೆ ಬೆರೆಯುವ ಮತ್ತು ಸುತ್ತಲಿನದನ್ನು ಗ್ರಹಿಸುವ ರೀತಿ ಭಿನ್ನವಾಗಿರುವ ಸ್ಥಿತಿ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆ ಮಕ್ಕಳ ನೆನಪಿನ ಶಕ್ತಿ ಅವರ ಗಮನ ಸೆಳೆದಿತ್ತು. ಹಾಗಂತ ಆಟಿಸಂ ಇರುವ ಎಲ್ಲರಿಗೂ ಇಂಥ ನೆನಪು ಇರುವುದಿಲ್ಲ. ಇದ್ದವರಿಗೂ ಎಲ್ಲದರಲ್ಲೂ ಇರುವುದಿಲ್ಲ. ಬಿಡಿ ಬಿಡಿ ವಿವರ ಗಟ್ಟಿಯಾಗಿ ನಿಂತಿರುತ್ತದೆ. "ಹೋದ ಭಾನುವಾರ ಏನೇನಾಯ್ತು, ಸಾಲಾಗಿ ಹೇಳು" ಅಂದರೆ ತಡವರಿಸುತ್ತಾರೆ.

ಗುರುತು ಸಿಗದಂತೆ ಬದಲಿಸಿ ಒಬ್ಬರ ವಿಷಯ ಹೇಳುತ್ತೇನೆ. ಅಂತರಸನಹಳ್ಳಿ ಕಡೆಯ ಗೋದಾಮಿನ ಗಾರ್ಡ್. ಕೆಎ 06 ತುಮಕೂರು, 44 ತಿಪಟೂರು, 64 ಮಧುಗಿರಿ ಅನ್ನುವುದು ಇಲ್ಲಿನ ಯಾವ ಗಾರ್ಡ್‌ಗೂ ಗೊತ್ತು. ಇವನಿಗೆ ಯಾವ ಲಾರಿಯ ಟಾರ್ಪಾಲಿನ್ ಹಗ್ಗ ಯಾವ ಕಡೆ ಗಂಟು ಹಾಕಿತ್ತು ಅನ್ನುವುದೂ ನೆನಪಿರುತ್ತದೆ. ಬರೀ ತೂಕ ಮಾಡಿಸಲು ಬಂದಿದ್ದ ಒಂದು ಲಾರಿ ಹೊರಡುವಾಗ ಗಂಟು ಎಡದಿಂದ ಬಲಕ್ಕೆ ಬಂದಿತ್ತು. ನಿಲ್ಲಿಸಿದ. ಬಿಚ್ಚಿ ನೋಡಿದರೆ ಗೋದಾಮಿನ ಮೂಟೆಗಳು! ಮಾಲೀಕರಿಗೆ ಹುಡುಗನ ಮೇಲೆ ಪ್ರೀತಿ ಉಕ್ಕಿತು. ಸ್ವಲ್ಪ ದಿನಕ್ಕೆ ಮ್ಯಾನೇಜರ್ ಮೀಸೆ ತೆಗೆಸಿಕೊಂಡು ಬಂದರು. ಇವನು ಅವರನ್ನೂ ನಿಲ್ಲಿಸಿದ. ಪ್ರೀತಿ ಅಲ್ಲಿಗೆ ಮುಗಿಯಿತು.

ಇದು ಸೊಕ್ಕಲ್ಲ. ಮುಖ ಗುರುತಿಸುವ ತೊಂದರೆ ಆಟಿಸಂ ಇರುವವರಲ್ಲಿ ಬೇರೆಯವರಿಗಿಂತ ಜಾಸ್ತಿ. ಅವರು ನಡಿಗೆ, ದನಿ, ಚಪ್ಪಲಿ, ಮೀಸೆ ಹಿಡಿದು ಜನರನ್ನು ಗುರುತಿಡುತ್ತಾರೆ. ಅದರಲ್ಲೊಂದು ಹೋದರೆ ಎದುರಿಗಿರುವವರು ಹೊಸಬರೇ. ಇದಕ್ಕೆ ಪರಿಹಾರ ಸುಲಭ: ಮ್ಯಾನೇಜರೂ ಕಾರ್ಡ್ ತೋರಿಸಲಿ. ಗೇಟಿನಲ್ಲಿ ಇರಬೇಕಾದ ನಿಯಮವೇ ತಾನೇ ಅದು? ನಿಜವಾದ ಕಷ್ಟ "ಏಯ್, ಸಾಹೇಬ್ರ ಕಡೆಯವ್ರು, ಬಿಡಪ್ಪ" ಅನ್ನುವಲ್ಲಿದೆ. ನಿನ್ನೆ ಬಿಡಬಾರದು ಅಂದವರೇ ಇವತ್ತು ಬಿಡು ಅನ್ನುತ್ತಾರೆ. ಯಾರನ್ನು, ಯಾವಾಗ, ಯಾರ ಮಾತಿನ ಮೇಲೆ ಬಿಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಮುಕ್ಕಾಲು ಜಗಳ ನಿಲ್ಲುತ್ತದೆ. ಬೇರೆ ಗಾರ್ಡ್‌ಗಳಿಗೂ ನೆಮ್ಮದಿ.

"ಅವನಿಗೆ ಎಲ್ಲಾ ನೆನಪಿರುತ್ತೆ, ರಿಜಿಸ್ಟರ್ ಯಾಕೆ" ಅನ್ನುವ ಸೂಪರ್‌ವೈಸರ್‌ಗಳಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ತಾರೀಖು ಹೇಳಿದರೆ ಸಾಕು, ಆ ದಿನ ಏನಾಯ್ತು ಅಂತ ಹೇಳಬಲ್ಲ ಅಪರೂಪದ ಜನರಿದ್ದಾರೆ. ಅದು ಆಟಿಸಂ ಅಲ್ಲ, ಬೇರೆಯೇ ವಿಷಯ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂಥವರ ತಲೆಯಲ್ಲೂ ಆಗದ ಸಂಗತಿಯ ಸುಳ್ಳು ನೆನಪು ಹುಟ್ಟುವುದು ಕಂಡುಬಂತು. ಅಂದಮೇಲೆ ನೆನಪು ನಿಚ್ಚಳವಾಗಿದೆ ಅಂದ ಮಾತ್ರಕ್ಕೆ ಸರಿಯಾಗಿದೆ ಅಂತಲ್ಲ. ನಾಳೆ ಕೋರ್ಟಿಗೆ ಹೋದರೂ ಬರಹವೇ ಆಸರೆ. ಘಟನೆ ಆದ ಹೊತ್ತಿನಲ್ಲಿ ತಾನೇ ಬರೆದಿಟ್ಟದ್ದನ್ನು ನೋಡಿ ನೆನಪು ಮಾಡಿಕೊಳ್ಳಲು ನಮ್ಮ ಸಾಕ್ಷ್ಯ ಕಾನೂನು ಸಾಕ್ಷಿಗೆ ಅವಕಾಶ ಕೊಡುತ್ತದೆ. ಹಗ್ಗದ ಗಂಟು ಕೂಡ ರಿಜಿಸ್ಟರ್‌ನ ಷರಾ ಕಾಲಂನಲ್ಲಿ ಇರಲಿ.

ಇನ್ನು ಯಾರೂ ಕೇಳದ ಮಾತು. ಈ ನೆನಪು ಒಳ್ಳೆಯದು ಕೆಟ್ಟದ್ದು ಅಂತ ಆರಿಸಿ ಇಟ್ಟುಕೊಳ್ಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಕುಡಿದು ಬಂದವನೊಬ್ಬ ಕೊರಳಪಟ್ಟಿ ಹಿಡಿದ ಅಂದುಕೊಳ್ಳಿ. ಎಷ್ಟೋ ಜನರಿಗೆ ತಿಂಗಳು ಕಳೆದರೆ ಅದು ಮಸುಕಾಗುತ್ತದೆ. ನಾನು ನೋಡುವ ಕೆಲವರಿಗೆ ವರ್ಷವಾದರೂ ಅವನ ಬಾಯಿಯ ವಾಸನೆ, ಟ್ಯೂಬ್‌ಲೈಟ್‌ನ ಗುಂಯ್ ಸದ್ದು, ವಾಕಿಟಾಕಿಯ ಕರಕರ ಎಲ್ಲವೂ ಹಾಗೇ ಇರುತ್ತದೆ. ಅದೇ ಟ್ಯೂಬ್‌ಲೈಟ್ ಕೆಳಗೆ ಮತ್ತೆ ಕೂತರೆ ಮೈ ಬೆವರುತ್ತದೆ. ಹೊರಗಿನವರಿಗೆ ಕಾಣುವುದು "ಸುಮ್ನೆ ಕೂತಿದ್ದಾನೆ, ಕರೆದರೂ ಓಗೊಡಲ್ಲ" ಅಂತ. ಅದಕ್ಕೇ ಮೆಮೋ ಕೊಡುತ್ತಾರೆ.

ಘಟನೆ ಆದಮೇಲೆ ನಾವು ಮಾಡುವುದೂ ಸರಿಯಿಲ್ಲ. ಸೂಪರ್‌ವೈಸರ್ ಕೇಳುತ್ತಾರೆ, ಆಮೇಲೆ ಮ್ಯಾನೇಜರ್, ಆಮೇಲೆ ಮಾಲೀಕರು, ಟೀ ಅಂಗಡಿಯವರೂ ಬಿಡುವುದಿಲ್ಲ. ಪ್ರತಿ ಸಲ ಹೇಳುವಾಗಲೂ ಆ ರಾತ್ರಿ ಮತ್ತೆ ಮೊದಲಿಂದ ಶುರು. ನನ್ನ ಸಲಹೆ ಇಷ್ಟೇ: ಒಬ್ಬರೇ ಕೇಳಿ, ಒಂದೇ ಸಲ ಕೇಳಿ, ಬರೆದುಕೊಳ್ಳಿ. ಮಿಕ್ಕವರು ಅದನ್ನೇ ಓದಲಿ. ಪೊಲೀಸರು ಕೇಳಿದರೆ ಹೇಳಲೇಬೇಕು, ಆಗ ಗೊತ್ತಿರುವವರೊಬ್ಬರು ಜೊತೆಗಿರಲಿ. ಕೆಲವು ದಿನ ಬೇರೆ ಗೇಟ್ ಅಥವಾ ಹಗಲು ಪಾಳಿ ಕೊಡಿ. ನೆನಪನ್ನು ಅಳಿಸುವ ಚಿಕಿತ್ಸೆ ನಮ್ಮ ಹತ್ತಿರ ಇಲ್ಲ. ಅದರ ಕಾವು ಇಳಿಸುವ ಚಿಕಿತ್ಸೆ ಇದೆ, ಆದರೆ ಸಮಯ ಬೇಕು. ನಿದ್ದೆಗೆಟ್ಟವರಿಗೆ ಇನ್ನೂ ಜಾಸ್ತಿ ಸಮಯ ಬೇಕು. ಹಾಗಾಗಿ ವಾರಕ್ಕೊಮ್ಮೆ ಪಾಳಿ ಬದಲಿಸುವ ಪದ್ಧತಿ ಇವರಿಗೆ ಆಗಿಬರುವುದಿಲ್ಲ.

"ಆಟಿಸಂ ಇದೆ ಅಂತ ಕಂಪನಿಗೆ ಹೇಳಲಾ?" ಅಂತ ಹುಡುಗರು ಕೇಳುತ್ತಾರೆ. ಅದು ಅವರ ಇಷ್ಟ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಖಾಸಗಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಅನ್ನುತ್ತದೆ ಅದೇ ಕಾಯ್ದೆ. ನಿಮ್ಮ ಏಜೆನ್ಸಿಯಲ್ಲಿ ಆ ನೀತಿ ಇದೆಯಾ ಅಂತ ಮೊದಲು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ ರೋಗನಿರ್ಣಯದ ಹೆಸರು ಎತ್ತದೆ ಬೇಕಾದ್ದನ್ನಷ್ಟೇ ಕೇಳಬಹುದು: "ಸಾರ್, ಆರ್ಡರ್ ವಾಟ್ಸ್ಆ್ಯಪ್‌ನಲ್ಲಿ ಬರೆದು ಹಾಕಿ, ಪಾಳಿ ಬದಲಾದರೆ ಎರಡು ದಿನ ಮುಂಚೆ ತಿಳಿಸಿ." ಇಷ್ಟಕ್ಕೆ ಯಾವ ಸರ್ಟಿಫಿಕೇಟೂ ಬೇಕಿಲ್ಲ.