'ಕಣ್ಣ ತೆರಿತಾನ್ರಿ, ಮತ್ಯಾಕ ಮಾತಾಡವಲ್ಲ?'

ಆಳಂದ ರಸ್ತೆಯ ಒಂದು ಮನೆಯ ಪಡಸಾಲೆಯಲ್ಲಿ ಗಾಳಿ ಹಾಸಿಗೆಯ ಮೇಲೆ ಇಪ್ಪತ್ತನಾಲ್ಕರ ಹುಡುಗ ಮಲಗಿದ್ದಾನೆ. ಬೈಕಿನಿಂದ ಬಿದ್ದು ಏಳನೇ ವಾರ. ಸೊಲ್ಲಾಪುರದಲ್ಲಿ ತಲೆಯ ಆಪರೇಷನ್ ಆಗಿ, ದುಡ್ಡು ಮುಗಿದ ಮೇಲೆ ಮನೆಗೆ ತಂದಿದ್ದಾರೆ. ಮೂಗಿನಲ್ಲಿ ನಳಿ, ಗಂಟಲಲ್ಲಿ ಉಸಿರಿಗೆ ತೂತು. ನೋಡಲು ಬಂದ ನೆಂಟರು ಹೊಸ್ತಿಲಲ್ಲೇ ಪಿಸುಗುಡುತ್ತಾರೆ: 'ಕೋಮಾದಾಗ ಅದಾನ.' ಅವರವ್ವನಿಗೆ ಅದು ಒಪ್ಪಿಗೆಯಿಲ್ಲ. 'ಮುಂಜಾನೆ ಕಣ್ಣ ತೆರಿತಾನ್ರಿ, ರಾತ್ರಿ ನಿದ್ದಿ ಮಾಡ್ತಾನ. ಆಕಳಸ್ತಾನ. ಮತ್ಯಾಕ ಮಾತಾಡವಲ್ಲ?'

ಅವ್ವ ಹೇಳುವುದೇ ಸರಿ. ಇದು ಕೋಮಾ ಅಲ್ಲ. ಕೋಮಾದಲ್ಲಿದ್ದವರು ಕಣ್ಣು ತೆರೆಯುವುದಿಲ್ಲ. ಅದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಮಾತು. ಅಷ್ಟರೊಳಗೆ ಒಂದೋ ಸಾವು, ಇಲ್ಲವೇ ಎಚ್ಚರ, ಇಲ್ಲವೇ ಈ ಮೂರನೆಯದು: ಕಣ್ಣು ತೆರೆದರೂ ಅರಿವು ಕಾಣದ 'ವೆಜಿಟೇಟಿವ್ ಸ್ಟೇಟ್'. ಇದರಲ್ಲಿ ಉಸಿರು, ನಿದ್ದೆ, ಎಚ್ಚರ ನೋಡಿಕೊಳ್ಳುವ ಮಿದುಳಿನ ಕಾಂಡ ಕೆಲಸ ಮಾಡುತ್ತಿರುತ್ತದೆ. ಅರಿವಿಗೆ ಬೇಕಾದ ಮೇಲಿನ ಮಿದುಳು, ಅದಕ್ಕೂ ಮಿದುಳಿನೊಳಗೆ ಸಂದೇಶ ದಾಟಿಸುವ ಥಲಾಮಸ್‌ಗೂ ನಡುವಿನ ದಾರಿಗಳು ಹಾಳಾಗಿರುತ್ತವೆ. ಅಂದರೆ ಎಚ್ಚರವಿದೆ, ಅರಿವು ಕಾಣುವುದಿಲ್ಲ. ಮಿದುಳು ಸಾವು ಬೇರೆಯೇ. ಅಲ್ಲಿ ಕಾಂಡವೂ ಸತ್ತು, ಉಸಿರು ಯಂತ್ರದ್ದಾಗಿರುತ್ತದೆ. ಈ ಮೂರನ್ನೂ ನಾವು 'ಕೋಮಾ' ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೇವೆ.

ವೈದ್ಯರಿಗೂ ಇದಕ್ಕೊಂದು ಹೆಸರು ಹೊಂದಿಸಲು ಸಮಯ ಹಿಡಿಯಿತು. 1940ರಲ್ಲಿ ಜರ್ಮನಿಯ ಅರ್ನ್ಸ್ಟ್ ಕ್ರೆಟ್ಶ್‌ಮರ್ ಬೇರೊಂದು ಹೆಸರು ಕೊಟ್ಟಿದ್ದರು. ಆಗ ಇಂಥ ರೋಗಿಗಳು ಬಹಳ ದಿನ ಬದುಕುತ್ತಲೇ ಇರಲಿಲ್ಲ. ವೆಂಟಿಲೇಟರ್, ಐಸಿಯು ಬಂದ ಮೇಲೆ ಬದುಕತೊಡಗಿದರು. 1972ರಲ್ಲಿ ಗ್ಲಾಸ್ಗೋದ ಬ್ರಯಾನ್ ಜೆನೆಟ್, ನ್ಯೂಯಾರ್ಕಿನ ಫ್ರೆಡ್ ಪ್ಲಮ್ 'ವೆಜಿಟೇಟಿವ್ ಸ್ಟೇಟ್' ಅಂದರು. ದೇಹ ಬೆಳೆಯುತ್ತದೆ, ಬಾಳುತ್ತದೆ, ಆದರೆ ಮನಸ್ಸಿನ ಕುರುಹಿಲ್ಲ ಎಂಬುದು ಅವರ ಅರ್ಥ. ತರಕಾರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಆ ಶಬ್ದ ಕೇಳಿದವರ ಬಾಯಲ್ಲಿ ತರಕಾರಿಯೇ ಆಯಿತು. ನಮ್ಮ ಪತ್ರಿಕೆಗಳಲ್ಲಿ 'ಜೀವಚ್ಛವ' ಎಂದು ಬಂತು. ನನಗೆ ಈ ಕನ್ನಡ ಶಬ್ದದ ಮೇಲೆ ಹೆಚ್ಚು ಸಿಟ್ಟು. ಶವ ಅಂದಮೇಲೆ ಮತ್ತೆ ಪರೀಕ್ಷೆ ಮಾಡುವವರು ಯಾರು? 2010ರಲ್ಲಿ ಯುರೋಪಿನ ವೈದ್ಯರ ತಂಡವೊಂದು ಹಳೆಯ ಹೆಸರು ಬಿಟ್ಟು, ಎಚ್ಚರವಿದ್ದೂ ಸ್ಪಂದಿಸದ ಸ್ಥಿತಿ ಎಂಬ ಅರ್ಥದ ಹೆಸರು ಸೂಚಿಸಿತು. ಮರ್ಯಾದೆಯ ಹೆಸರು ಅದು. ಬಳಕೆಯಲ್ಲಿ ಇನ್ನೂ ಹಳೆಯದೇ ಹೆಚ್ಚು.

ಚೇತರಿಕೆಯ ಲೆಕ್ಕ 1994ರಲ್ಲಿ ಬಂತು. ಪೆಟ್ಟಾಗಿ ಒಂದು ತಿಂಗಳ ಮೇಲೂ ಈ ಸ್ಥಿತಿಯಲ್ಲೇ ಇದ್ದ ವಯಸ್ಕರನ್ನು ಅಮೆರಿಕದ ತಜ್ಞರ ತಂಡ ಲೆಕ್ಕ ಹಾಕಿತು. ಅಪಘಾತದಂಥ ತಲೆಪೆಟ್ಟಿನವರಲ್ಲಿ ವರ್ಷದೊಳಗೆ ಶೇ 52ರಷ್ಟು ಜನರಿಗೆ ಪ್ರಜ್ಞೆ ಮರಳಿತ್ತು. ಹೃದಯ ನಿಂತು, ನೇಣು ಬಿಗಿದು, ನೀರಿಗೆ ಬಿದ್ದು ಮಿದುಳಿಗೆ ಆಮ್ಲಜನಕ ತಪ್ಪಿದಂಥವರಲ್ಲಿ ಶೇ 15 ಮಾತ್ರ. ರಕ್ತ ಹರಿಯದಿದ್ದರೆ ಮಿದುಳು ನಾಲ್ಕೈದು ನಿಮಿಷಕ್ಕೇ ಸೋಲುತ್ತದೆ, ಅದೂ ಎಲ್ಲ ಕಡೆ ಒಟ್ಟಿಗೆ. ತಲೆಪೆಟ್ಟಿನಲ್ಲಿ ಅಲ್ಲಲ್ಲಿ ಉಳಿದಿರುತ್ತದೆ. ಒಂದು ಎಚ್ಚರಿಕೆ: ಪ್ರಜ್ಞೆ ಮರಳಿತು ಅಂದರೆ ಹುಡುಗ ಎದ್ದು ಬೈಕು ಹತ್ತಿದ ಅಂತಲ್ಲ. ಎಷ್ಟೋ ಜನ ಊಟ, ಸ್ನಾನಕ್ಕೆ ಇನ್ನೊಬ್ಬರ ಕೈ ನೋಡುತ್ತಲೇ ಉಳಿಯುತ್ತಾರೆ.

ಆ ತಂಡವೇ ಗಡುವನ್ನೂ ಇಟ್ಟಿತು: ತಲೆಪೆಟ್ಟಿಗೆ ಒಂದು ವರ್ಷ, ಉಳಿದವಕ್ಕೆ ಮೂರು ತಿಂಗಳು. ಆಮೇಲೆ 'ಶಾಶ್ವತ'. ಗಡುವು ದಾಟಿದ ಮೇಲೂ ಕೆಲವರು ಅಷ್ಟಿಷ್ಟು ಚೇತರಿಸಿಕೊಂಡದ್ದರಿಂದ 2018ರಲ್ಲಿ ಅಮೆರಿಕದ ನರವೈದ್ಯರ ಸಂಘ 'ಶಾಶ್ವತ'ವನ್ನು ಕೈಬಿಟ್ಟು 'ದೀರ್ಘಕಾಲಿಕ' ಎಂದಿತು.

ಅಷ್ಟರಲ್ಲಿ ಇನ್ನೊಂದು ಗೊಂದಲ ಎದ್ದಿತ್ತು. 2002ರಲ್ಲಿ 'ಕನಿಷ್ಠ ಪ್ರಜ್ಞೆ'ಯ ಸ್ಥಿತಿಯನ್ನು ಬೇರೆ ಮಾಡಿದರು. ಒಮ್ಮೆ ಕಣ್ಣು ಹಿಂಬಾಲಿಸುತ್ತದೆ, ಇನ್ನೊಮ್ಮೆ ಇಲ್ಲ. ಬೆಳಿಗ್ಗೆ ಬೆರಳು ಎತ್ತುತ್ತಾನೆ, ಸಂಜೆ ಇಲ್ಲ. ಇವರ ಚೇತರಿಕೆಯ ಸಾಧ್ಯತೆ ಹೆಚ್ಚು. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವನ್ ಅವರ ತಂಡ, ಐದು ತಿಂಗಳಿಂದ ಸ್ಪಂದಿಸದೇ ಇದ್ದ 23ರ ಯುವತಿಯನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುವಂತೆ, ತನ್ನ ಮನೆಯ ಕೋಣೆಗಳಲ್ಲಿ ಓಡಾಡುವಂತೆ ಕಲ್ಪಿಸಿಕೋ ಎಂದಿತು. ಆಕೆಯ ಮಿದುಳು ಆರೋಗ್ಯವಂತರ ಮಿದುಳಿನ ಹಾಗೆಯೇ ಬೆಳಗಿತು. 2024ರ ದೊಡ್ಡ ಅಧ್ಯಯನದಲ್ಲಿ ಮಾತಿಗೆ ಹೊರನೋಟಕ್ಕೆ ಸ್ಪಂದಿಸದ 241 ಜನರ ಪೈಕಿ 60 ಜನ ಹೀಗೆ ಒಳಗೊಳಗೇ ಹೇಳಿದ್ದನ್ನು ಮಾಡುತ್ತಿದ್ದರು.

ಈ ಪರೀಕ್ಷೆ ಆಳಂದ ರಸ್ತೆಗೆ ಬರುವುದಿಲ್ಲ, ಬಿಡಿ. ಆದರೆ 2009ರ ಪಾಠಕ್ಕೆ ಸ್ಕ್ಯಾನರ್ ಬೇಡ. ವೈದ್ಯರ ತಂಡ ವೆಜಿಟೇಟಿವ್ ಎಂದು ಬರೆದಿದ್ದ 44 ಜನರನ್ನು ಶಿಸ್ತಾದ ಅಳತೆಗೋಲು ಇಟ್ಟು ನೋಡಿದಾಗ 18 ಜನರಲ್ಲಿ ಪ್ರಜ್ಞೆಯ ಕುರುಹು ಸಿಕ್ಕಿತ್ತು. ಒಂದೇ ಸಲ ನೋಡಿ ಬರೆದರೆ ತಪ್ಪುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ, ಕನಿಷ್ಠ ಐದು ಸಲ ನೋಡಬೇಕು. ನೋಡುವ ಸಾಮಾನು? ಕನ್ನಡಿ. ಡಾಕ್ಟರ ಮುಖವನ್ನೋ ಪೆನ್ನನ್ನೋ ಹಿಂಬಾಲಿಸದ ಕಣ್ಣು ಕೆಲವೊಮ್ಮೆ ತನ್ನದೇ ಮುಖವನ್ನು ಹಿಂಬಾಲಿಸುತ್ತದೆ.

ನಮ್ಮವರೇ ಆದ ಅರುಣಾ ಶಾನಭಾಗ ಇಲ್ಲಿ ನೆನಪಾಗುತ್ತಾರೆ. ಉತ್ತರ ಕನ್ನಡದ ಹಳದೀಪುರದ ಈ ನರ್ಸ್ 1973ರ ನವೆಂಬರಿನಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲೇ ಮಲಗಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಕಳಿಸಿದ ಮೂವರು ವೈದ್ಯರಿಗೆ ಬಹುತೇಕ ಲಕ್ಷಣ ವೆಜಿಟೇಟಿವ್ ಸ್ಥಿತಿಯವೇ ಅನ್ನಿಸಿತು. ಆಸ್ಪತ್ರೆಯವರು ಮಾತ್ರ, ತಿನ್ನಿಸುವಾಗ ಆಕೆಯ ಮುಖಭಾವ ಬದಲಾಗುತ್ತದೆ ಎಂದು ಹೇಳಿದ್ದರು. ಅಷ್ಟು ವರ್ಷದಲ್ಲಿ ಆಕೆಗೆ ಬೆನ್ನುಹುಣ್ಣಾಗಲು ಆ ನರ್ಸ್‌ಗಳು ಬಿಟ್ಟಿರಲಿಲ್ಲ. ಕೋರ್ಟ್ ದಯಾಮರಣ ಒಪ್ಪಲಿಲ್ಲ, ಆದರೆ ಚಿಕಿತ್ಸೆ ಹಿಂತೆಗೆಯುವುದಕ್ಕೆ ದಾರಿ ತೆರೆಯಿತು. 2018ರ ತೀರ್ಪು ಅದನ್ನು ಹಕ್ಕಾಗಿಸಿತು, 2023ರಲ್ಲಿ ಕ್ರಮ ಸರಳವಾಯಿತು, 2025ರ ಜನವರಿಯಲ್ಲಿ ಕರ್ನಾಟಕ ಅದಕ್ಕೊಂದು ಸುತ್ತೋಲೆ ಹೊರಡಿಸಿತು.

ಆಳಂದ ರಸ್ತೆಯ ಮನೆಯಲ್ಲಿ ಆ ಮಾತು ಇನ್ನೂ ಬಂದಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ತಲೆದೆಸೆ ಎತ್ತರಿಸಿ ಸೋಸಿದ ಗಂಜಿ ಬಿಡುವುದು, ಕೈಕಾಲು ಸೆಟೆಯದಂತೆ ಮಡಿಸಿ ಬಿಡಿಸುವುದು. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಅಮಾಂಟಡಿನ್ ತಲೆಪೆಟ್ಟಿನವರಲ್ಲಿ ಚೇತರಿಕೆಯ ವೇಗ ಹೆಚ್ಚಿಸುತ್ತದೆಂದು 2012ರಲ್ಲಿ 184 ರೋಗಿಗಳ ಮೇಲಿನ ಪ್ರಯೋಗ ತೋರಿಸಿತ್ತು. ನಾಲ್ಕು ವಾರದ ಮಾತ್ರೆ ನಿಲ್ಲಿಸಿದ ಮೇಲೆ ವೇಗವೂ ತಗ್ಗಿತ್ತು. ಅದನ್ನು ಬರೆದುಕೊಡಬಹುದೇ ಎಂದು ಡಾಕ್ಟರನ್ನು ಕೇಳಿದ್ದಾರೆ.

ಅವ್ವ ಪೌಡರ್ ಡಬ್ಬಿಯ ಕನ್ನಡಿ ಹಿಡಿದು ದಿನಕ್ಕೆ ಮೂರು ಸಲ ಮಗನ ಮುಖದ ಮುಂದೆ ಎಡಕ್ಕೆ ಬಲಕ್ಕೆ ಸರಿಸುತ್ತಾರೆ. ಕಣ್ಣು ಹಿಂದೆ ಹೋದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಪೆನ್ಸಿಲಿನ ಗೆರೆ. ಸೋಮವಾರ ಒಂದು, ಮಂಗಳವಾರ ಎರಡು, ಗುರುವಾರ ಏನೂ ಇಲ್ಲ. 'ಅವತ್ತ ಜ್ವರ ಇತ್ರಿ' ಅಂದರು. ಜ್ವರವಿದ್ದಾಗ ಸ್ಪಂದನೆ ಕುಗ್ಗುತ್ತದೆ. ಹಾಗಾಗಿ ಆ ದಿನ ಲೆಕ್ಕಕ್ಕಿಲ್ಲ ಅಂದೆ. ಅವರು ಪೆನ್ಸಿಲ್ ತೆಗೆದುಕೊಂಡು ಗುರುವಾರದ ಮನೆಯಲ್ಲಿ 'ಜ್ವರ' ಎಂದು ಬರೆದರು.